ಪಾಲಿನಲ್ಲಿ ಪ್ರಾಂತ್ಯವೇ ಸಿಗದವನು ಸಾಮ್ರಾಜ್ಯ ಕಟ್ಟಿದ್ದು ಹೇಗೆ?

ಸಿರಿಯಾದ ಸುದ್ದಿ ಬಂದಾಗಲೆಲ್ಲ ಲತಾಕಿಯಾ ಎಂಬ ಬಂದರಿನ ಹೆಸರು ಕಿವಿಗೆ ಬೀಳುತ್ತದೆ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಟರ್ಕಿಯ ಅಂತಾಕ್ಯ ನಗರ ಕುಸಿದುಬಿದ್ದ ದೃಶ್ಯಗಳನ್ನು ಟಿವಿಯಲ್ಲಿ ನೋಡಿದ್ದೇವೆ. ಈ ಎರಡೂ ಊರುಗಳನ್ನು ಸುಮಾರು 2,300 ವರ್ಷಗಳ ಹಿಂದೆ ಕಟ್ಟಿಸಿದವನು ಒಬ್ಬನೇ ಮನುಷ್ಯ. ಮೊದಲನೆಯದಕ್ಕೆ ತನ್ನ ತಾಯಿ ಲಾವೊಡಿಕೆಯ ಹೆಸರಿಟ್ಟ. ಎರಡನೆಯದಕ್ಕೆ ತಂದೆ ಆಂಟಿಯೋಕಸನ ಹೆಸರು. ಮಗನ ಹೆಸರೂ ಅದೇ ಆಗಿತ್ತು, ಹಾಗಾಗಿ ಒಂದೇ ಕಲ್ಲಿಗೆ ಎರಡು ಹಣ್ಣು.

ಆ ಮನುಷ್ಯ ನಮಗೆ ಹೊಸಬನಲ್ಲ. ಶಾಲೆಯ ಇತಿಹಾಸ ಪಾಠದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದ್ದಾನೆ: ಸೆಲ್ಯೂಕಸ್ ನಿಕೇಟರ್ ಚಂದ್ರಗುಪ್ತ ಮೌರ್ಯನಿಗೆ ಸೋತ, 500 ಆನೆ ಪಡೆದ. ಸೋತವನಿಗೆ ಯಾರಾದರೂ ಆನೆ ಕೊಡ್ತಾರಾ ಅಂತ ಆಗ ನಾವ್ಯಾರೂ ಮೇಷ್ಟ್ರನ್ನು ಕೇಳಲಿಲ್ಲ. ಆ ಪ್ರಶ್ನೆಯನ್ನು ಈಗ ಕೇಳಿ ನೋಡೋಣ. ಉತ್ತರ ಹುಡುಕುತ್ತ ಹೋದರೆ ಒಂದು ಇಡೀ ಸಾಮ್ರಾಜ್ಯ ಹುಟ್ಟಿದ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ಯಾರು, ಎಲ್ಲಿ

ಸೆಲ್ಯೂಕಸ್ ಮ್ಯಾಸಿಡೋನಿಯಾದವನು. ಅದು ಗ್ರೀಸಿನ ಉತ್ತರಕ್ಕಿದ್ದ ರಾಜ್ಯ. ಅಲೆಕ್ಸಾಂಡರ್ ಹುಟ್ಟಿದ ನಾಡು. ಇಬ್ಬರೂ ಹೆಚ್ಚು ಕಡಿಮೆ ಓರಗೆಯವರು. ಸೆಲ್ಯೂಕಸ್ ಹುಟ್ಟಿದ್ದು ಕ್ರಿ.ಪೂ. 358ರ ಸುಮಾರಿಗೆ. ಅವನು ಸ್ಥಾಪಿಸಿದ ವಂಶಕ್ಕೆ ಅವನದೇ ಹೆಸರಿನಿಂದ ಸೆಲ್ಯೂಸಿಡ್ ವಂಶ ಎನ್ನುತ್ತಾರೆ. ರಾಜಧಾನಿಗಳು ಗ್ರೀಸಿನಲ್ಲಿರಲಿಲ್ಲ, ಇಂದಿನ ಇರಾಕ್ ಮತ್ತು ಸಿರಿಯಾದ ಕಡೆ ಇದ್ದವು. ಗ್ರೀಕ್ ಮಾತಾಡುವ ರಾಜಮನೆತನವೊಂದು ಪರ್ಷಿಯನ್ನರು, ಬ್ಯಾಬಿಲೋನಿಯನ್ನರು, ಯಹೂದಿಗಳು, ಸಿರಿಯನ್ನರು ಇದ್ದ ನೆಲವನ್ನು ಆಳಿತು ಎಂದು ಇಟ್ಟುಕೊಳ್ಳಿ.

ಇನ್ನೊಂದು ಪದವೂ ಗೊತ್ತಿರಲಿ: ಸತ್ರಪ. ಪರ್ಷಿಯನ್ ಸಾಮ್ರಾಜ್ಯದ ಕಾಲದಿಂದ ಪ್ರಾಂತ್ಯವೊಂದರ ಆಡಳಿತ ನೋಡಿಕೊಳ್ಳುವವನಿಗೆ ಆ ಹೆಸರು. ತೆರಿಗೆ ಎತ್ತುವುದು, ಸೈನ್ಯ ಸಾಕುವುದು, ಮೇಲಿನವರಿಗೆ ಕಪ್ಪ ಕಳಿಸುವುದು ಅವನ ಕೆಲಸ. ಅಲೆಕ್ಸಾಂಡರ್ ಪರ್ಷಿಯಾ ಗೆದ್ದ ಮೇಲೂ ಈ ಏರ್ಪಾಡನ್ನು ಬದಲಿಸಲಿಲ್ಲ. ಕುರ್ಚಿಯಲ್ಲಿ ಕೂತವರು ಬದಲಾದರು, ಅಷ್ಟೇ.

ಯಜಮಾನ ಸತ್ತ ಮನೆ

ಕ್ರಿ.ಪೂ. 323ರ ಜೂನಿನಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ತೀರಿಕೊಂಡ. ವಯಸ್ಸು ಇನ್ನೂ 32. ಅವನ ಸಾಮ್ರಾಜ್ಯ ಗ್ರೀಸಿನಿಂದ ಸಿಂಧೂ ನದಿಯವರೆಗೆ ಹಬ್ಬಿತ್ತು. ಮುಂದೆ ಯಾರು ಎಂದು ಅವನು ಗೊತ್ತುಮಾಡಿರಲಿಲ್ಲ. ಹೆಂಡತಿ ರೊಕ್ಸಾನಾ ಬಸುರಿ. ಮಲಸಹೋದರನೊಬ್ಬ ಇದ್ದ, ರಾಜ್ಯಭಾರ ಮಾಡುವ ಶಕ್ತಿ ಅವನಿಗಿರಲಿಲ್ಲ.

ದೊಡ್ಡ ಕೂಡುಕುಟುಂಬದಲ್ಲಿ ಉಯಿಲು ಬರೆಯದೆ ಯಜಮಾನ ಕಣ್ಮುಚ್ಚಿದರೆ ಏನಾಗುತ್ತದೆ ಹೇಳಿ. ವಾರಸುದಾರ ತೊಟ್ಟಿಲಲ್ಲಿ. ಜಮೀನು ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪಂದಿರು "ಮಗು ದೊಡ್ಡದಾಗುವವರೆಗೆ ನಾವು ನೋಡ್ಕೋತೀವಿ" ಎನ್ನುತ್ತಾರೆ. ಪಹಣಿಯಲ್ಲಿ ಹೆಸರು ಮಗುವಿನದೇ, ಫಸಲು ಮಾತ್ರ ಅವರವರ ಕಣಜಕ್ಕೆ. ಇಲ್ಲೂ ಆದದ್ದು ಅದೇ. ಮಲಸಹೋದರ ಮತ್ತು ಹುಟ್ಟಿದ ಗಂಡುಮಗು ಇಬ್ಬರನ್ನೂ ರಾಜರೆಂದು ಸಾರಿದರು. ಪರ್ಡಿಕ್ಕಸ್ ಎಂಬ ದಂಡನಾಯಕ ರಾಜಪ್ರತಿನಿಧಿಯಾದ. ಪ್ರಾಂತ್ಯಗಳನ್ನು ಹಂಚಿದರು. ಟಾಲೆಮಿಗೆ ಈಜಿಪ್ಟ್. ಲೈಸಿಮ್ಯಾಕಸನಿಗೆ ಥ್ರೇಸ್, ಅಂದರೆ ಇಂದಿನ ಬಲ್ಗೇರಿಯಾ ಕಡೆಯ ಪ್ರದೇಶ. ಒಕ್ಕಣ್ಣ ಆಂಟಿಗೋನಸನಿಗೆ ಇಂದಿನ ಟರ್ಕಿಯ ದೊಡ್ಡ ಭಾಗ.

ಸೆಲ್ಯೂಕಸನಿಗೆ ಪ್ರಾಂತ್ಯ ಸಿಗಲಿಲ್ಲ. ರಾಜನ ಅಂಗರಕ್ಷಕ ಕುದುರೆ ಪಡೆಯ ನಾಯಕತ್ವ ಸಿಕ್ಕಿತು. ಗೌರವದ ಹುದ್ದೆ ಹೌದು. ಆದರೆ ಕಾಲಿಟ್ಟು ನಿಲ್ಲಲು ನೆಲವಿಲ್ಲ, ಎತ್ತಲು ತೆರಿಗೆಯಿಲ್ಲ.

ಈ ಗುಂಪಿನಲ್ಲಿ ಅವನನ್ನು ಬೇರೆಯಾಗಿಸುವ ಒಂದು ಸಂಗತಿ ಆಗಲೇ ನಡೆದಿತ್ತು. ಕ್ರಿ.ಪೂ. 324ರಲ್ಲಿ ಸೂಸಾ ನಗರದಲ್ಲಿ ಅಲೆಕ್ಸಾಂಡರ್ ತನ್ನ ಅಧಿಕಾರಿಗಳಿಗೆಲ್ಲ ಪರ್ಷಿಯಾ ಕಡೆಯ ಹೆಣ್ಣುಗಳನ್ನು ತಂದು ಸಾಮೂಹಿಕ ಮದುವೆ ಮಾಡಿಸಿದ್ದ. ಸೆಲ್ಯೂಕಸನಿಗೆ ಅಪಾಮಾ ಹೆಂಡತಿಯಾದಳು. ಅವಳು ಸೊಗ್ದಿಯಾದವಳು, ಅಂದರೆ ಇಂದಿನ ಉಜ್ಬೇಕಿಸ್ತಾನ–ತಜಿಕಿಸ್ತಾನದ ಕಡೆಯವಳು. ಅಲೆಕ್ಸಾಂಡರನನ್ನು ವರ್ಷಗಟ್ಟಲೆ ಕಾಡಿದ ಸ್ಪಿಟಾಮೆನೆಸನ ಮಗಳು. ಯಜಮಾನ ಸತ್ತ ಮೇಲೆ ಉಳಿದ ಅಧಿಕಾರಿಗಳ ಇಂಥ ಮದುವೆಗಳ ಸುದ್ದಿಯೇ ಮುಂದೆ ಕೇಳುವುದಿಲ್ಲ. ಸೆಲ್ಯೂಕಸ್ ಮಾತ್ರ ಅಪಾಮಾಳನ್ನು ಬಿಡಲಿಲ್ಲ. ಅವರ ಮಗನೇ ಮುಂದೆ ರಾಜನಾದ. ಅಂದರೆ ಈ 'ಗ್ರೀಕ್' ವಂಶದ ಎರಡನೇ ರಾಜನ ರಕ್ತದಲ್ಲಿ ಅರ್ಧ ಮಧ್ಯ ಏಷ್ಯಾದ್ದು.

ಬ್ಯಾಬಿಲೋನ್ ಸಿಕ್ಕಿತು, ಹೋಯಿತು

ರಾಜಪ್ರತಿನಿಧಿ ಪರ್ಡಿಕ್ಕಸ್ ಟಾಲೆಮಿಯನ್ನು ಬಗ್ಗುಬಡಿಯಲು ಈಜಿಪ್ಟಿಗೆ ಹೊರಟ. ನೈಲ್ ನದಿ ದಾಟುವಾಗ ಎಲ್ಲ ಎಡವಟ್ಟಾಯಿತು. ಎರಡು ಸಾವಿರಕ್ಕೂ ಹೆಚ್ಚು ಸೈನಿಕರು ಹೋದರು, ಅದರಲ್ಲಿ ಸಾವಿರ ಜನರನ್ನು ನದಿಯ ಪ್ರಾಣಿಗಳೇ ತಿಂದವು ಎಂದು ಇತಿಹಾಸಕಾರ ಡಿಯೊಡೋರಸ್ ಬರೆದಿದ್ದಾನೆ. ಸಿಟ್ಟಿಗೆದ್ದ ಅಧಿಕಾರಿಗಳು ಪರ್ಡಿಕ್ಕಸನನ್ನು ಅವನ ಡೇರೆಯಲ್ಲೇ ಕೊಂದರು. ಕೊಂದವರ ಗುಂಪಿನಲ್ಲಿ ಸೆಲ್ಯೂಕಸನೂ ಇದ್ದ. ಕಥಾನಾಯಕ ಅಂದ ಮಾತ್ರಕ್ಕೆ ಸಜ್ಜನ ಎಂದುಕೊಳ್ಳಬೇಡಿ.

ಆಮೇಲೆ ಸಿರಿಯಾದ ಟ್ರಿಪರಡೈಸಸ್ ಎಂಬಲ್ಲಿ ಮತ್ತೊಮ್ಮೆ ಹಂಚಿಕೆ ನಡೆಯಿತು. ಈ ಸಲ ಸೆಲ್ಯೂಕಸನಿಗೆ ಬ್ಯಾಬಿಲೋನಿಯಾ ಸಿಕ್ಕಿತು. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಿನ ಕಾಲುವೆ ನೀರಾವರಿಯ ಸೀಮೆ. ಬಾರ್ಲಿ, ಖರ್ಜೂರ, ಎಳ್ಳು ಬೆಳೆಯುವ ಶ್ರೀಮಂತ ನೆಲ. ಸೈನ್ಯ ಮಾತ್ರ ಅಷ್ಟೇನಿರಲಿಲ್ಲ. ನಾಲ್ಕು ವರ್ಷ ಅಲ್ಲಿದ್ದ. ಅಲ್ಲಿನವರೊಂದಿಗೆ, ಅದರಲ್ಲೂ ದೇವಾಲಯದ ಪೂಜಾರಿಗಳೊಂದಿಗೆ, ಹೊಂದಿಕೊಂಡು ನಡೆದ.

ಅಷ್ಟರಲ್ಲಿ ಆಂಟಿಗೋನಸ್ ಬೆಳೆದು ನಿಂತಿದ್ದ. ಕ್ರಿ.ಪೂ. 315ರಲ್ಲಿ ಅವನು ದೊಡ್ಡ ಸೈನ್ಯದೊಂದಿಗೆ ಬ್ಯಾಬಿಲೋನಿಗೆ ಬಂದ. ಸೆಲ್ಯೂಕಸ್ ಉಡುಗೊರೆ ಕೊಟ್ಟು, ಅವನ ಸೈನ್ಯಕ್ಕೆಲ್ಲ ಊಟ ಹಾಕಿಸಿದ. ಉಂಡ ಮೇಲೆ ಆಂಟಿಗೋನಸ್ ಕೇಳಿದ್ದು ತೆರಿಗೆಯ ಲೆಕ್ಕ. ಈ ಪ್ರಾಂತ್ಯವನ್ನು ಮ್ಯಾಸಿಡೋನಿಯನ್ನರು ನನ್ನ ಸೇವೆಗಾಗಿ ಕೊಟ್ಟದ್ದು, ನಿನಗೆ ಲೆಕ್ಕ ಒಪ್ಪಿಸಬೇಕಾದ್ದಿಲ್ಲ ಎಂದ ಸೆಲ್ಯೂಕಸ್. ಮಾತಿಗೆ ಮಾತು ಬೆಳೆಯಿತು. ಜೀವಕ್ಕೆ ಅಪಾಯ ಎನ್ನಿಸಿದಾಗ 50 ಕುದುರೆ ಸವಾರರೊಂದಿಗೆ ಈಜಿಪ್ಟಿನ ಟಾಲೆಮಿಯ ಬಳಿಗೆ ಓಡಿದ.

ಪೀಡೆ ತೊಲಗಿತು ಎಂದು ಆಂಟಿಗೋನಸ್ ಮೊದಲು ಖುಷಿಪಟ್ಟನಂತೆ. ಆಮೇಲೆ ಬ್ಯಾಬಿಲೋನಿನ ಜೋಯಿಸರು ಬಂದು, ಅವನನ್ನು ಬಿಟ್ಟುಕೊಟ್ಟರೆ ಇಡೀ ಏಷ್ಯಾ ಅವನದಾಗುತ್ತದೆ, ನೀನು ಅವನ ಕೈಲೇ ಸಾಯುತ್ತೀಯ ಎಂದರಂತೆ. ಬೆನ್ನಟ್ಟಲು ಜನ ಕಳಿಸುವಷ್ಟರಲ್ಲಿ ತಡವಾಗಿತ್ತು. ಈ ಭವಿಷ್ಯವನ್ನು ಸೆಲ್ಯೂಕಸನ ಕಡೆಯವರು ಆಮೇಲೆ ಕಟ್ಟಿದ್ದಿರಬೇಕು. ಗೆದ್ದವರ ಬಗ್ಗೆ ಜೋಯಿಸರು ತಪ್ಪು ಹೇಳಿದ ಕಥೆ ಯಾವ ಊರಲ್ಲೂ ಇಲ್ಲ.

ಸಾವಿರ ಜನರ ಸೈನ್ಯ

ಕ್ರಿ.ಪೂ. 312ರಲ್ಲಿ ಗಾಜಾ ಬಳಿ ಟಾಲೆಮಿ ಮತ್ತು ಸೆಲ್ಯೂಕಸ್ ಸೇರಿ ಆಂಟಿಗೋನಸನ ಮಗ ಡೆಮೆಟ್ರಿಯಸನನ್ನು ಸೋಲಿಸಿದರು. ಹೌದು, ಅದೇ ಗಾಜಾ. ಬ್ಯಾಬಿಲೋನಿನ ದಾರಿ ತೆರೆಯಿತು. ಟಾಲೆಮಿ ಕೊಟ್ಟ ಸೈನ್ಯ ಎಷ್ಟು ಗೊತ್ತೇ? ಡಿಯೊಡೋರಸನ ಪ್ರಕಾರ 800 ಕಾಲಾಳು, 200 ಕುದುರೆ. ಜೊತೆಗಿದ್ದವರಿಗೇ ಭಯವಾಯಿತು. ಇಷ್ಟು ಜನ ಕಟ್ಟಿಕೊಂಡು ಏಷ್ಯಾದ ಅತಿ ಬಲಿಷ್ಠನ ಮೇಲೆ ಹೋಗುವುದೇ?

ಆ ನಾಲ್ಕು ವರ್ಷದ ನಡವಳಿಕೆ ಇಲ್ಲಿ ಕೈಹಿಡಿಯಿತು. ದಾರಿಯಲ್ಲಿ ಕೆಲವರು ಸೇರಿಕೊಂಡರು. ಬ್ಯಾಬಿಲೋನ್ ಹತ್ತಿರವಾದಾಗ ಜನ ಎದುರು ಬಂದು ಕರೆದುಕೊಂಡು ಹೋದರು. ಕೋಟೆಯೊಳಗೆ ಉಳಿದಿದ್ದ ಶತ್ರುಗಳನ್ನು ಸೋಲಿಸಿ, ಅಲ್ಲಿ ಸೆರೆಯಲ್ಲಿದ್ದ ತನ್ನವರನ್ನು ಬಿಡಿಸಿಕೊಂಡ.

ಆಂಟಿಗೋನಸನ ಕಡೆಯ ನಿಕಾನೋರ್ ಪೂರ್ವದಿಂದ 10,000ಕ್ಕೂ ಹೆಚ್ಚು ಕಾಲಾಳು, ಸುಮಾರು 7,000 ಕುದುರೆಗಳೊಂದಿಗೆ ಬಂದ. ಸೆಲ್ಯೂಕಸನ ಬಳಿ ಇದ್ದದ್ದು 3,000 ಕಾಲಾಳು, 400 ಕುದುರೆ. ಟೈಗ್ರಿಸ್ ದಾಟಿ, ಜೌಗು ನೆಲದ ಜೊಂಡಿನ ನಡುವೆ ಅವಿತು ಕುಳಿತ. ಶತ್ರು ಬಂದು ಬಿಡಾರ ಹೂಡಿ ಮೈಮರೆತಿದ್ದಾಗ ರಾತ್ರಿ ಎರಗಿದ. ನಿಕಾನೋರನ ಸೈನಿಕರಲ್ಲಿ ಬಹುಪಾಲು ಜನ ಪಕ್ಷ ಬದಲಾಯಿಸಿದರು. ಒಂದೇ ರಾತ್ರಿಯಲ್ಲಿ ಸೈನ್ಯ ಎಷ್ಟೋ ಪಟ್ಟು ಹಿಗ್ಗಿತು.

ಆ ಕಾಲದ ಯುದ್ಧಗಳಲ್ಲಿ ಇದು ಸಾಮಾನ್ಯ. ಎರಡೂ ಕಡೆ ಹೋರಾಡುತ್ತಿದ್ದವರು ಮೊನ್ನೆಯವರೆಗೆ ಅಲೆಕ್ಸಾಂಡರನ ಕೈಕೆಳಗೆ ಒಟ್ಟಿಗಿದ್ದವರು. ಅವರಿಗೆ ಬೇಕಾದ್ದು ಸಂಬಳ, ಒಳ್ಳೆಯ ನಾಯಕ, ಕೊನೆಗೊಂದು ತುಂಡು ಜಮೀನು. ದೇಶಭಕ್ತಿಯ ಪ್ರಶ್ನೆಯೇ ಇರಲಿಲ್ಲ.

ಆಂಟಿಗೋನಸ್ ಬಿಡಲಿಲ್ಲ. ಕ್ರಿ.ಪೂ. 311ರಿಂದ 309ರವರೆಗೆ ಬ್ಯಾಬಿಲೋನಿಯಾ ರಣರಂಗವಾಯಿತು. ಗೆದ್ದವರ ಕಥೆಯನ್ನು ಗ್ರೀಕರು ಬರೆದರು. ಊರಿನವರು ಪಟ್ಟ ಪಾಡನ್ನು ಬರೆದಿಟ್ಟವರು ಬ್ಯಾಬಿಲೋನಿನ ಪೂಜಾರಿಗಳು. ಅವರು ಹಸಿ ಜೇಡಿಮಣ್ಣಿನ ಫಲಕಗಳ ಮೇಲೆ ಬೆಣೆಯಾಕಾರದ ಲಿಪಿಯಲ್ಲಿ ಗ್ರಹಗಳ ಚಲನೆ, ನದಿಯ ನೀರಿನ ಮಟ್ಟ, ಬಾರ್ಲಿಯ ಬೆಲೆ ಎಲ್ಲವನ್ನೂ ಗುರುತು ಮಾಡುತ್ತಿದ್ದರು. ಈ ವರ್ಷಗಳ ಯುದ್ಧವನ್ನು ದಾಖಲಿಸಿದ ಒಂದು ಫಲಕ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಾಡಿನಲ್ಲಿ ಅಳು, ಗೋಳು ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಊರು, ಹೊಲ ಎರಡೂ ಕೊಳ್ಳೆ ಹೋದವು ಎಂದಿದೆ. ಕೊನೆಗೆ ಆಂಟಿಗೋನಸ್ ಹಿಂದಕ್ಕೆ ಸರಿದ.

ವರ್ಷ ಎಣಿಸುವ ಹೊಸ ಲೆಕ್ಕ

ಅಲ್ಲಿಯವರೆಗೆ ವರ್ಷ ಹೇಳುವ ಕ್ರಮ ಹೀಗಿತ್ತು: ಇಂಥ ರಾಜನ ಮೂರನೇ ವರ್ಷ, ಇಂಥವನ ಹತ್ತನೇ ವರ್ಷ. ರಾಜ ಸತ್ತರೆ ಮತ್ತೆ ಒಂದರಿಂದ ಶುರು. ಸಾಲಪತ್ರ ಬರೆದವನಿಗೆ ಎಷ್ಟು ತಲೆನೋವು ಇರಬೇಡ! ಹಿಂದಿನ ರಾಜರೆಲ್ಲ ಎಷ್ಟೆಷ್ಟು ವರ್ಷ ಆಳಿದರು ಎಂಬ ಪಟ್ಟಿ ಇಟ್ಟುಕೊಂಡೇ ಬಡ್ಡಿ ಲೆಕ್ಕ ಹಾಕಬೇಕು.

ಸೆಲ್ಯೂಕಸ್ ಬ್ಯಾಬಿಲೋನಿಗೆ ಮರಳಿದ್ದನ್ನೇ ಲೆಕ್ಕದ ಮೊದಲ ವರ್ಷ ಮಾಡಿದರು. ಬ್ಯಾಬಿಲೋನಿಯನ್ನರ ಎಣಿಕೆ ಕ್ರಿ.ಪೂ. 311ರ ವಸಂತದಿಂದ, ಮ್ಯಾಸಿಡೋನಿಯನ್ನರದು 312ರ ಶರತ್ಕಾಲದಿಂದ. ಅವನು ಸತ್ತಾಗ ಮಗ ಒಂದಕ್ಕೆ ಹಿಂತಿರುಗಲಿಲ್ಲ. ಎಣಿಕೆ ಹಾಗೇ ಮುಂದುವರಿಯಿತು. ಮೊಮ್ಮಗನ ಕಾಲದಲ್ಲೂ ಅಷ್ಟೇ. ಯಾವ ರಾಜ ಬಂದರೂ ಹೋದರೂ ನಿಲ್ಲದ ವರ್ಷದ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಇಲ್ಲಿಂದ. ನಮ್ಮ ಶಾಸನಗಳಲ್ಲಿ ಕಾಣುವ ಶಕವರ್ಷವೂ ಇದೇ ಬಗೆಯದು, ಕ್ರಿ.ಶ. 78ರಿಂದ ಶುರುವಾಗಿ, ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದರೂ ನಿಲ್ಲಲಿಲ್ಲ.

ಸೆಲ್ಯೂಸಿಡ್ ಲೆಕ್ಕ ವಂಶವೇ ಅಳಿದ ಮೇಲೂ ಸಾವಿರಕ್ಕೂ ಹೆಚ್ಚು ವರ್ಷ ಬದುಕಿತು. ಪಶ್ಚಿಮ ಏಷ್ಯಾದ ಯಹೂದಿಗಳು, ಸಿರಿಯಾಕ್ ಕ್ರೈಸ್ತರು ತಮ್ಮ ಪತ್ರಗಳಲ್ಲಿ, ಹಸ್ತಪ್ರತಿಗಳಲ್ಲಿ ಅದನ್ನೇ ಬರೆಯುತ್ತಿದ್ದರು. ಕೋಟೆ ಕೊತ್ತಲಗಳಿಗಿಂತ ಜಾಸ್ತಿ ಬಾಳಿದ್ದು ಈ ಎಣಿಕೆಯೇ.

ಸಿಂಧೂ ದಡದಲ್ಲಿ ನಡೆದ ವ್ಯವಹಾರ

ಪಶ್ಚಿಮ ತಣ್ಣಗಾದ ಮೇಲೆ ಸೆಲ್ಯೂಕಸ್ ಪೂರ್ವಕ್ಕೆ ತಿರುಗಿದ. ಇರಾನ್, ಬ್ಯಾಕ್ಟ್ರಿಯಾ (ಇಂದಿನ ಉತ್ತರ ಅಫ್ಘಾನಿಸ್ತಾನ) ಒಂದೊಂದಾಗಿ ಕೈಸೇರಿದವು. ಇದೇ ಹೊತ್ತಿಗೆ, ಕ್ರಿ.ಪೂ. 305ರ ಸುಮಾರಿಗೆ, ತನ್ನನ್ನು ರಾಜ ಎಂದು ಕರೆದುಕೊಂಡ. ಅಲೆಕ್ಸಾಂಡರನ ಮಗ ಅಷ್ಟರಲ್ಲಿ ಕೊಲೆಯಾಗಿದ್ದ. ಉಳಿದ ದಂಡನಾಯಕರೂ ಒಬ್ಬರ ಹಿಂದೆ ಒಬ್ಬರು ಕಿರೀಟ ಧರಿಸುತ್ತಿದ್ದರು.

ಸಿಂಧೂ ನದಿಯ ಬಳಿ ಬಂದಾಗ ಅಲೆಕ್ಸಾಂಡರ್ ಬಿಟ್ಟುಹೋದ ಪರಿಸ್ಥಿತಿ ಇರಲಿಲ್ಲ. ನಂದರನ್ನು ಇಳಿಸಿ ಚಂದ್ರಗುಪ್ತ ಮೌರ್ಯ ಪಾಟಲಿಪುತ್ರದಲ್ಲಿ ಕೂತಿದ್ದ. ಪಂಜಾಬಿನ ಕಡೆಯೂ ಅವನದೇ ಆಳ್ವಿಕೆ. ಇಬ್ಬರ ನಡುವೆ ಯುದ್ಧ ನಡೆಯಿತು ಎಂದು ಹಳೆಯ ಲೇಖಕರು ಒಂದು ಸಾಲಿನಲ್ಲಿ ಹೇಳುತ್ತಾರೆ. ಯಾವ ರಣರಂಗ, ಯಾರು ಸೋತರು ಎಂದು ಅವರಲ್ಲಿ ಯಾರೂ ಬರೆದಿಲ್ಲ. ಬರೆದಿರುವುದು ಒಪ್ಪಂದದ ಬಗ್ಗೆ.

ಸೆಲ್ಯೂಕಸ್ ಬಿಟ್ಟುಕೊಟ್ಟದ್ದು ಸಿಂಧೂ ನದಿಯ ಪಶ್ಚಿಮದ ಸೀಮೆಗಳನ್ನು. ಇಂದಿನ ಲೆಕ್ಕದಲ್ಲಿ ಕಾಬೂಲ್, ಕಂದಹಾರ್ ಸುತ್ತಮುತ್ತ, ಬಲೂಚಿಸ್ತಾನದ ಒಂದು ಭಾಗ. ಚಂದ್ರಗುಪ್ತ ಕೊಟ್ಟದ್ದು 500 ಆನೆ. ಜೊತೆಗೆ ಮದುವೆಯ ಒಪ್ಪಂದವೂ ಆಯಿತು. ಈ ಕೊನೆಯದರ ಮೇಲೆ ನಮ್ಮಲ್ಲಿ ನಾಟಕ, ಧಾರಾವಾಹಿಗಳು ಬಂದಿವೆ. 'ಹೆಲೆನ್' ಎಂಬ ರಾಜಕುಮಾರಿ ಅವುಗಳ ನಾಯಕಿ. ಹಳೆಯ ಗ್ರೀಕ್ ಆಕರಗಳಲ್ಲಿ ಆ ಹೆಸರೂ ಇಲ್ಲ, ಮದುವಣಗಿತ್ತಿಯ ಸುದ್ದಿಯೂ ಇಲ್ಲ. ಎರಡು ಮನೆತನಗಳ ನಡುವೆ ಅಥವಾ ಎರಡು ಜನರ ನಡುವೆ ಹೆಣ್ಣು ತರಬಹುದು, ಕೊಡಬಹುದು ಎಂಬ ಕರಾರು ಇದ್ದದ್ದು ಮಾತ್ರ ಖಚಿತ.

ಈಗ ಶಾಲೆಯ ಪ್ರಶ್ನೆಗೆ ಬರೋಣ. ಸೆಲ್ಯೂಕಸನ ಕಡೆಯಿಂದ ನೋಡಿ. ಅವನ ನಿಜವಾದ ಶತ್ರು ಪಶ್ಚಿಮದಲ್ಲಿದ್ದ ಆಂಟಿಗೋನಸ್. ಬ್ಯಾಬಿಲೋನಿನಿಂದ ತಿಂಗಳುಗಟ್ಟಲೆ ದೂರದ ಬೆಟ್ಟಗುಡ್ಡಗಳನ್ನು ಹಿಡಿದಿಡಲು ಸೈನ್ಯ ಕಟ್ಟಿಹಾಕಿದರೆ ಬೆನ್ನ ಹಿಂದೆ ಎಲ್ಲ ಹೋಗುತ್ತದೆ. ಕಾವಲು ಕಾಯಲಾಗದ ನೆಲ ಕೊಟ್ಟು, ಪೂರ್ವದ ಗಡಿಯಲ್ಲಿ ಶಾಂತಿ ತಗೊಂಡ. ಚಂದ್ರಗುಪ್ತನ ಕಡೆಯಿಂದ ನೋಡಿದರೆ 500 ಆನೆ ದೊಡ್ಡ ನಷ್ಟವಲ್ಲ. ಪಾಟಲಿಪುತ್ರದ ರಾಜನ ಬಳಿ 9,000 ಆನೆಗಳಿದ್ದವು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಲೆಕ್ಕ ತಾಳೆಯಾಗುತ್ತದೆ: ಇಲ್ಲಿ ಹೇರಳವಾಗಿದ್ದದ್ದು ಅಲ್ಲಿ ಅಪರೂಪ.

ಆನೆಯೇ ಯಾಕೆ ಬೇಕಿತ್ತು? ಸೆಲ್ಯೂಕಸ್ ಅದನ್ನು ಕಣ್ಣಾರೆ ಕಂಡಿದ್ದ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೌರವ ರಾಜನ ಆನೆಗಳ ಎದುರು ನಿಂತ ಕಾಲಾಳುಗಳಿಗೆ ಅವನೇ ನಾಯಕ. ಅಭ್ಯಾಸವಿಲ್ಲದ ಕುದುರೆ ಆನೆಯ ವಾಸನೆಗೆ, ಘೀಳಿಗೆ ಬೆದರಿ ಮುಂದಕ್ಕೆ ಹೆಜ್ಜೆಯಿಡುವುದಿಲ್ಲ. ಮ್ಯಾಸಿಡೋನಿಯನ್ನರ ಯುದ್ಧದ ಜೀವಾಳವೇ ಕುದುರೆ ದಾಳಿ. ಅದನ್ನು ತಡೆಯುವ ಗೋಡೆ ಬೇಕೆಂದರೆ ಆನೆ.

ಸ್ನೇಹ ಆಮೇಲೂ ಉಳಿಯಿತು. ಸೆಲ್ಯೂಕಸನ ರಾಯಭಾರಿಯಾಗಿ ಮೆಗಾಸ್ತನೀಸ್ ಪಾಟಲಿಪುತ್ರಕ್ಕೆ ಬಂದ. ಊರಿನ ಸುತ್ತ ಮರದ ಕೋಟೆ, ಅದಕ್ಕೆ 64 ಬಾಗಿಲು, 570 ಬುರುಜು ಎಂದು ಬರೆದ. ಇಂದಿನ ಪಟ್ನಾದಲ್ಲಿ ಅಗೆದಾಗ ಮರದ ದಿಮ್ಮಿಗಳ ಕೋಟೆಯ ಅವಶೇಷ ನಿಜಕ್ಕೂ ಸಿಕ್ಕಿದೆ. ಗ್ರೀಕರು ಬರೆದ 'ಸ್ಯಾಂಡ್ರಕೊಟ್ಟಸ್' ಎಂಬವನು ನಮ್ಮ ಚಂದ್ರಗುಪ್ತನೇ ಎಂದು 1793ರಲ್ಲಿ ವಿಲಿಯಂ ಜೋನ್ಸ್ ಗುರುತಿಸಿದ ಮೇಲೆಯೇ ಪ್ರಾಚೀನ ಭಾರತದ ರಾಜರ ಕಾಲ ನಿರ್ಣಯಕ್ಕೆ ಒಂದು ಗಟ್ಟಿ ಗೂಟ ಸಿಕ್ಕಿದ್ದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಎಂದು ಜೈನ ಪರಂಪರೆ ಹೇಳುವುದು ಇದೇ ಚಂದ್ರಗುಪ್ತನನ್ನು.

ಮಕ್ಕಳ ಕಾಲದ ಒಂದು ತಮಾಷೆಯ ಪತ್ರವ್ಯವಹಾರವೂ ಉಳಿದಿದೆ. ಚಂದ್ರಗುಪ್ತನ ಮಗ ಬಿಂದುಸಾರ, ಸೆಲ್ಯೂಕಸನ ಮಗ ಆಂಟಿಯೋಕಸನಿಗೆ ಸಿಹಿ ದ್ರಾಕ್ಷಾರಸ, ಒಣ ಅಂಜೂರ ಮತ್ತು ಒಬ್ಬ ತತ್ವಜ್ಞಾನಿಯನ್ನು ಕೊಂಡು ಕಳಿಸು ಎಂದು ಕೇಳಿದನಂತೆ. ಅಂಜೂರ, ದ್ರಾಕ್ಷಾರಸ ಕಳಿಸುತ್ತೇನೆ, ತತ್ವಜ್ಞಾನಿಗಳನ್ನು ಮಾರುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ ಎಂದು ಅವನು ಉತ್ತರ ಬರೆದನಂತೆ.

ಇಪ್ಸಸ್: ಆನೆಗಳು ಗೆದ್ದ ದಿನ

ಕ್ರಿ.ಪೂ. 302ರ ಚಳಿಗಾಲಕ್ಕೆ ಸೆಲ್ಯೂಕಸ್ ಇಂದಿನ ಟರ್ಕಿಯ ನಡುಭಾಗ ತಲುಪಿದ. ಜೊತೆಗೆ 20,000 ಕಾಲಾಳು, 12,000 ಕುದುರೆ, 480 ಆನೆ. ಗಂಗೆ–ಸಿಂಧೂ ಬಯಲಿನ ಆನೆಗಳು ಇರಾನಿನ ಮರಳುಗಾಡು, ಟರ್ಕಿಯ ಹಿಮ ದಾಟಿದ್ದವು. ಅಷ್ಟು ದೂರಕ್ಕೆ ಅಷ್ಟು ಆನೆಗಳಿಗೆ ಮೇವು, ನೀರು ಒದಗಿಸಿದ ಅಧಿಕಾರಿಗಳ ಹೆಸರು ಯಾರೂ ಬರೆದಿಡಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಸಾಹಸ ಅದೇ.

ಡೆಮೆಟ್ರಿಯಸನ ಪಟಾಲಂ ಊಟದ ಹೊತ್ತಿನಲ್ಲಿ ಸೆಲ್ಯೂಕಸನನ್ನು 'ಆನೆ ದಳಪತಿ' ಎಂದು ಹಂಗಿಸುತ್ತಿತ್ತಂತೆ. ರಾಜ ಅಲ್ಲ, ಆನೆ ಮೇಯಿಸುವವನು ಎಂಬ ಧಾಟಿ.

ಮರುವರ್ಷ ಇಪ್ಸಸ್ ಎಂಬಲ್ಲಿ ಎರಡೂ ಕಡೆ ಸೇರಿ ಒಂದೂವರೆ ಲಕ್ಷದಷ್ಟು ಜನ ಎದುರುಬದುರಾದರು. ಒಂದು ಕಡೆ ಆಂಟಿಗೋನಸ್ ಮತ್ತು ಮಗ ಡೆಮೆಟ್ರಿಯಸ್, ಇನ್ನೊಂದು ಕಡೆ ಸೆಲ್ಯೂಕಸ್ ಮತ್ತು ಲೈಸಿಮ್ಯಾಕಸ್. ಆಂಟಿಗೋನಸನ ಬಳಿಯೂ 75 ಆನೆ ಇತ್ತು. ಡೆಮೆಟ್ರಿಯಸ್ ತನ್ನ ಕುದುರೆ ಪಡೆಯೊಂದಿಗೆ ನುಗ್ಗಿ ಸೆಲ್ಯೂಕಸನ ಮಗ ಆಂಟಿಯೋಕಸನ ಪಡೆಯನ್ನು ಚದುರಿಸಿದ. ಅಲ್ಲಿಗೆ ನಿಂತು ಹಿಂತಿರುಗಿದ್ದರೆ ಗೆಲ್ಲುತ್ತಿದ್ದನೋ ಏನೋ. ಹುರುಪಿನಲ್ಲಿ ಬೆನ್ನಟ್ಟಿ ದೂರ ಹೋದ. ತಿರುಗಿ ನೋಡಿದಾಗ ಅವನಿಗೂ ಅಪ್ಪನ ಕಾಲಾಳು ಪಡೆಗೂ ನಡುವೆ ಆನೆಗಳ ಸಾಲು. ಕುದುರೆಗಳು ಹತ್ತಿರ ಹೋಗಲಿಲ್ಲ.

ರಕ್ಷಣೆಯಿಲ್ಲದ ಕಾಲಾಳುಗಳ ಸುತ್ತ ಸೆಲ್ಯೂಕಸನ ಸವಾರರು ಸುತ್ತಿದರು. ಒಂದು ಭಾಗ ಶರಣಾಯಿತು, ಉಳಿದವರು ಓಡಿದರು. ಎಂಬತ್ತು ದಾಟಿದ್ದ ಆಂಟಿಗೋನಸ್ ಮಗ ಬಂದೇ ಬರುತ್ತಾನೆ ಎಂದು ಕಾಯುತ್ತ ನಿಂತಲ್ಲೇ ಈಟಿಗಳ ಏಟಿಗೆ ಬಿದ್ದ.

ಸೆಲ್ಯೂಕಸನಿಗೆ ಸಿರಿಯಾ ಬಂತು. ದಕ್ಷಿಣ ಸಿರಿಯಾ ಮತ್ತು ಪ್ಯಾಲೆಸ್ತೀನನ್ನು ಮಾತ್ರ, ಯುದ್ಧಕ್ಕೇ ಬಾರದ ಟಾಲೆಮಿ ಸದ್ದಿಲ್ಲದೆ ಹಿಡಿದುಕೊಂಡಿದ್ದ. ಹಿಂದೆ ಅನ್ನ ಹಾಕಿದವನು, ಸಾವಿರ ಜನರನ್ನು ಕೊಟ್ಟವನು. ಸ್ನೇಹಕ್ಕಾಗಿ ಸದ್ಯಕ್ಕೆ ಬಿಟ್ಟಿದ್ದೇನೆ ಎಂದ ಸೆಲ್ಯೂಕಸ್. ಹಕ್ಕು ಬಿಟ್ಟಿದ್ದೇನೆ ಅನ್ನಲಿಲ್ಲ. ಆ ತುಂಡು ನೆಲಕ್ಕಾಗಿ ಎರಡು ವಂಶಗಳ ನಡುವೆ ಮುಂದೆ ಆರು ಯುದ್ಧ ನಡೆದವು.

ಗೆದ್ದ ಮೇಲೆ ಹಿಡಿದಿಡುವುದು ಹೇಗೆ?

ಈಗ ಅವನ ರಾಜ್ಯ ಮೆಡಿಟರೇನಿಯನ್ ಸಮುದ್ರದಿಂದ ಅಫ್ಘಾನಿಸ್ತಾನದವರೆಗೆ. ನಂಬಬಹುದಾದ ಗ್ರೀಕರು, ಮ್ಯಾಸಿಡೋನಿಯನ್ನರು ಬೆರಳೆಣಿಕೆ. ಅದಕ್ಕೆ ಅವನು ಕಂಡುಕೊಂಡ ದಾರಿ ಊರು ಕಟ್ಟುವುದು. 16 ಆಂಟಿಯೋಕ್, 9 ಸೆಲ್ಯೂಸಿಯಾ, 5 ಲಾವೊಡಿಕಿಯಾ, 3 ಅಪಾಮಿಯಾ ಕಟ್ಟಿಸಿದ ಎಂದು ಇತಿಹಾಸಕಾರ ಅಪ್ಪಿಯನ್ ಪಟ್ಟಿ ಕೊಡುತ್ತಾನೆ. ಎಲ್ಲ ಮನೆಯವರ ಹೆಸರೇ.

ಇದರ ಹಿಂದಿನ ಲೆಕ್ಕಾಚಾರ ಸರಳ. ನಿವೃತ್ತ ಸೈನಿಕನಿಗೆ ಊರಿನ ಪಕ್ಕ ಜಮೀನು ಕೊಡುವುದು. ಅವನೇ ಉಳುತ್ತಾನೆ ಅಥವಾ ಬೇರೆಯವರಿಂದ ಉಳುಮೆ ಮಾಡಿಸುತ್ತಾನೆ, ತೆರಿಗೆ ಬರುತ್ತದೆ. ಯುದ್ಧ ಬಂದರೆ ಅವನೋ ಅವನ ಮಗನೋ ಆಯುಧ ಹಿಡಿದು ಬರುತ್ತಾರೆ. ಹೊಸದಾಗಿ ಜನ ಬರಬೇಕೆಂದರೆ ಸಮುದ್ರ ಹತ್ತಿರವಿರಬೇಕು. ಹಾಗಾಗಿಯೇ ಆಗಿನ ಉತ್ತರ ಸಿರಿಯಾದಲ್ಲಿ ಒಂದರ ಪಕ್ಕ ಒಂದು ನಾಲ್ಕು ದೊಡ್ಡ ಊರು: ಒರಾಂಟಿಸ್ ನದಿಯ ಮೇಲೆ ಆಂಟಿಯೋಕ್ (ಇಂದಿನ ಅಂತಾಕ್ಯ), ಅದರ ಬಂದರು ಸೆಲ್ಯೂಸಿಯಾ ಪಿಯೆರಿಯಾ, ಇನ್ನೊಂದು ಬಂದರು ಲಾವೊಡಿಕಿಯಾ (ಇಂದಿನ ಲತಾಕಿಯಾ), ಸೈನ್ಯದ ನೆಲೆ ಅಪಾಮಿಯಾ. ಅಪಾಮಿಯಾದಲ್ಲಿ 500 ಆನೆಗಳ ಲಾಯ, 30,000 ಹೆಣ್ಣುಕುದುರೆ ಮತ್ತು 300 ಬೀಜದ ಕುದುರೆಗಳಿದ್ದ ತಳಿಕೇಂದ್ರ ಇತ್ತು ಎಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಟೈಗ್ರಿಸ್ ದಡದ ಸೆಲ್ಯೂಸಿಯಾ ಎಷ್ಟು ಬೆಳೆಯಿತೆಂದರೆ ಪಕ್ಕದ ಹಳೆಯ ಬ್ಯಾಬಿಲೋನ್ ಕ್ರಮೇಣ ಬಡವಾಯಿತು. ಅಷ್ಟು ಪ್ರೀತಿಯಿಂದ ಬರಮಾಡಿಕೊಂಡ ಊರಿಗೆ ಇದು ಸಿಕ್ಕ ಬಹುಮಾನ.

ಎಲ್ಲೆಡೆ ಗ್ರೀಕ್ ಹೇರಿದರಾ? ಇಲ್ಲ. ಆಸ್ಥಾನದ ಭಾಷೆ ಗ್ರೀಕ್, ನಾಣ್ಯದ ಮೇಲೆ ಗ್ರೀಕ್. ಪೇಟೆಯಲ್ಲಿ ಅರಾಮಿಕ್. ದೇವಾಲಯದಲ್ಲಿ ಅವರವರದು. ಇರಾಕಿನ ಬೋರ್ಸಿಪ್ಪಾದಲ್ಲಿ ಸಿಕ್ಕ ಒಂದು ಮಣ್ಣಿನ ಉರುಳೆ ಇದನ್ನು ಚೆನ್ನಾಗಿ ತೋರಿಸುತ್ತದೆ. ನಬು ದೇವರ ಗುಡಿಯ ಅಡಿಪಾಯದಲ್ಲಿ ಹೂತಿಟ್ಟದ್ದು, ಕ್ರಿ.ಪೂ. 268ರದು, ಬ್ಯಾಬಿಲೋನಿನ ಪ್ರಾಚೀನ ಅಕ್ಕಾಡಿಯನ್ ಭಾಷೆಯಲ್ಲಿದೆ. ಅದರಲ್ಲಿ ಮಾತಾಡುವವನು ಸೆಲ್ಯೂಕಸನ ಮಗ ಆಂಟಿಯೋಕಸ್. ನಾನು ಬ್ಯಾಬಿಲೋನಿನ ರಾಜ, ಗುಡಿಗಳ ಪೋಷಕ, ಮೊದಲ ಇಟ್ಟಿಗೆಗಳನ್ನು ಒಳ್ಳೆಯ ಎಣ್ಣೆ ಕಲಸಿ ನನ್ನ ಕೈಯಾರೆ ಅಚ್ಚು ಹಾಕಿದೆ ಎನ್ನುತ್ತಾನೆ. ನೂರಾರು ವರ್ಷಗಳ ಹಿಂದಿನ ಬ್ಯಾಬಿಲೋನಿನ ರಾಜರು ಹೇಳುತ್ತಿದ್ದ ಮಾತುಗಳೇ. ಗ್ರೀಕ್ ಪ್ರಜೆಗಳಿಗೆ ಅವನು ಗ್ರೀಕ್ ರಾಜ, ಬ್ಯಾಬಿಲೋನಿನವರಿಗೆ ಬ್ಯಾಬಿಲೋನಿನ ರಾಜ.

ಇನ್ನೊಂದು ಜಾಣತನ ಮಗನನ್ನು ಬದುಕಿರುವಾಗಲೇ ರಾಜನನ್ನಾಗಿ ಮಾಡಿದ್ದು. ಕ್ರಿ.ಪೂ. 294ರ ಸುಮಾರಿಗೆ ಆಂಟಿಯೋಕಸನನ್ನು ಜೊತೆರಾಜನೆಂದು ಸಾರಿ ಪೂರ್ವದ ಪ್ರಾಂತ್ಯಗಳನ್ನು ವಹಿಸಿದ. ಜೊತೆಗೆ ತನ್ನ ಎಳೆಯ ಹೆಂಡತಿ ಸ್ಟ್ರಾಟೊನಿಸೆಯನ್ನೂ ಅವನಿಗೇ ಮದುವೆ ಮಾಡಿಕೊಟ್ಟ! ಮಗ ಮಲತಾಯಿಯ ಮೇಲಿನ ಪ್ರೇಮದಿಂದ ಹಾಸಿಗೆ ಹಿಡಿದ, ವೈದ್ಯ ನಾಡಿ ಹಿಡಿದು ಕಂಡುಹಿಡಿದ ಎಂಬ ರಂಗುರಂಗಿನ ಕಥೆ ಇದೆ. ಅದರ ಕೆಳಗೆ ರಾಜಕಾರಣ ಇಣುಕುತ್ತದೆ. ತಾಯಿಯ ಕಡೆಯಿಂದ ಮಧ್ಯ ಏಷ್ಯಾದವನಾದ ಮಗ ಆ ಸೀಮೆ ಆಳಲು ತಕ್ಕವನು. ಯಜಮಾನ ಸತ್ತ ಮೇಲೆ ಪಾಲಿನ ಜಗಳ ಹೇಗಿರುತ್ತದೆ ಎಂದು ಸೆಲ್ಯೂಕಸನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುದುಕರ ಯುದ್ಧ, ಆಮೇಲಿನದು

ಕ್ರಿ.ಪೂ. 281ರಲ್ಲಿ ಅಲೆಕ್ಸಾಂಡರನ ದಂಡನಾಯಕರಲ್ಲಿ ಉಳಿದಿದ್ದವರು ಇಬ್ಬರೇ. ಸೆಲ್ಯೂಕಸನಿಗೆ ಎಪ್ಪತ್ತೇಳರ ಹತ್ತಿರ, ಲೈಸಿಮ್ಯಾಕಸನೂ ಹಣ್ಣು ಮುದುಕ. ಪಶ್ಚಿಮ ಟರ್ಕಿಯ ಕೊರುಪೀಡಿಯಂ ಬಯಲಲ್ಲಿ ಇಬ್ಬರೂ ಹೋರಾಡಿದರು. ಲೈಸಿಮ್ಯಾಕಸ್ ಸತ್ತ. ಈಜಿಪ್ಟ್ ಮತ್ತು ಭಾರತದ ಕಡೆ ಬಿಟ್ಟರೆ ಅಲೆಕ್ಸಾಂಡರ್ ಗೆದ್ದ ಏಷ್ಯಾ ಹೆಚ್ಚು ಕಡಿಮೆ ಸೆಲ್ಯೂಕಸನದಾಯಿತು. ಹುಟ್ಟೂರು ನೋಡುವ ಆಸೆಯಿಂದಲೋ ಮ್ಯಾಸಿಡೋನಿಯಾದ ಕಿರೀಟಕ್ಕಾಗಿಯೋ ಸಮುದ್ರ ದಾಟಿ ಯುರೋಪಿಗೆ ಕಾಲಿಟ್ಟ. ಅಲ್ಲೇ ಅವನನ್ನು ಇರಿದು ಕೊಂದವನು ಟಾಲೆಮಿ ಕೆರೌನಸ್, ಹಳೆಯ ಗೆಳೆಯ ಟಾಲೆಮಿಯ ಮಗ. ಅಪ್ಪನ ಮನೆಯಿಂದ ಹೊರಬಿದ್ದು ಸೆಲ್ಯೂಕಸನ ಆಶ್ರಯದಲ್ಲೇ ಇದ್ದವನು.

ಪಶ್ಚಿಮ ಟರ್ಕಿಯ ಪೆರ್ಗಮಮ್ ಊರಿನ ಒಡೆಯ ಫಿಲೆಟೇರಸ್ ದುಡ್ಡು ಕೊಟ್ಟು ಹೆಣ ಬಿಡಿಸಿಕೊಂಡು, ಸುಟ್ಟು, ಬೂದಿಯನ್ನು ಆಂಟಿಯೋಕಸನಿಗೆ ಕಳಿಸಿದ. ಸಾಮ್ರಾಜ್ಯ ಒಡೆಯಲಿಲ್ಲ. ದಂಗೆಗಳೆದ್ದವು, ಗಲಾಟಿಯನ್ನರು ಎಂಬ ಯುರೋಪಿನ ಗುಂಪುಗಳು ಟರ್ಕಿಗೆ ನುಗ್ಗಿದವು. ಆಂಟಿಯೋಕಸ್ ಅವರನ್ನು ತಡೆದದ್ದೂ ಆನೆಗಳಿಂದಲೇ. ಮ್ಯಾಸಿಡೋನಿಯಾದ ಆಸೆಯನ್ನು ಬಿಟ್ಟು, ಇದ್ದದ್ದನ್ನು ಉಳಿಸಿಕೊಂಡ.

ಮುಂದಿನದು ಇಳಿಜಾರು. ಬ್ಯಾಕ್ಟ್ರಿಯಾ, ಈಶಾನ್ಯ ಇರಾನಿನ ಪಾರ್ಥಿಯಾ ಕೈತಪ್ಪಿದವು. ಕ್ರಿ.ಪೂ. 190ರ ಸುಮಾರಿಗೆ ಮ್ಯಾಗ್ನೀಷಿಯಾದಲ್ಲಿ ರೋಮನ್ನರು ಸೋಲಿಸಿದರು. 188ರ ಒಪ್ಪಂದದಲ್ಲಿ ಇನ್ನು ಯುದ್ಧದ ಆನೆ ಸಾಕಕೂಡದು ಎಂಬ ಷರತ್ತನ್ನೇ ಹಾಕಿದರು. 141ರಲ್ಲಿ ಬ್ಯಾಬಿಲೋನಿಯಾ ಪಾರ್ಥಿಯನ್ನರ ಪಾಲಾಯಿತು. ಕೊನೆಗೆ ಉಳಿದಿದ್ದ ಸಿರಿಯಾವನ್ನು ರೋಮನ್ ದಂಡನಾಯಕ ಪಾಂಪೆ ಕ್ರಿ.ಪೂ. 64–63ರಲ್ಲಿ ರೋಮಿನ ಪ್ರಾಂತ್ಯ ಮಾಡಿದ.

ಈ ವಂಶದ ಹೆಸರನ್ನು ಕಲ್ಲಿನ ಮೇಲೆ ನೋಡಬೇಕೆನ್ನುವವರು ಸಿರಿಯಾಕ್ಕೇ ಹೋಗಬೇಕಿಲ್ಲ. ಬಳ್ಳಾರಿ ಕಡೆಯವರಿಗೆ ಹತ್ತಿರವೇ ಇದೆ: ಆಂಧ್ರದ ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಎರ್ರಗುಡಿಯಲ್ಲಿ ಅಶೋಕನ ಬಂಡೆಶಾಸನಗಳಿವೆ. ಮನುಷ್ಯರಿಗೆ, ಪ್ರಾಣಿಗಳಿಗೆ ಚಿಕಿತ್ಸೆಯ ಏರ್ಪಾಡು ಎಲ್ಲೆಲ್ಲಿ ಮಾಡಿದ್ದೇನೆ ಎಂದು ಹೇಳುವ ಎರಡನೇ ಶಾಸನದಲ್ಲಿ ಚೋಳ, ಪಾಂಡ್ಯರ ಜೊತೆಗೆ 'ಅಂತಿಯೋಕ' ಎಂಬ ಯವನ ರಾಜನ ಹೆಸರಿದೆ. ಅವನು ಸೆಲ್ಯೂಕಸ್ ಮತ್ತು ಅಪಾಮಾಳ ಮೊಮ್ಮಗ, ಎರಡನೇ ಆಂಟಿಯೋಕಸ್.